ಕರಾವಳಿಯ ಬಾಡಿಗೆ ಹಡಗುಗಳು



ಶಿವಗಂಗೆಯ ಬೆಟ್ಟದ ಮಗ್ಗುಲಲ್ಲಿರುವ ನಮ್ಮ ದಾಬಸ್‌ಪೇಟೆಗೂ ಪಡುವಣ ಕಡಲಿಗೂ ನಡುವೆ ಸುಮಾರು 300 ಕಿಲೋಮೀಟರಿನ ದಾರಿಯಿದೆ. ದಾರಿಯ ನಡುವೆ ಸಹ್ಯಾದ್ರಿಯ ಗೋಡೆಯಿದೆ. ಇಂಥ ಬಯಲುಸೀಮೆಯ ಊರಿನಲ್ಲಿ ಕುಳಿತವನು ಹಡಗಿನ ಮಾತನ್ನೆತ್ತುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಈ ಊರನ್ನು ಕಂಡವರಿಗೆ ಒಂದು ಸಂಗತಿ ಗೊತ್ತಿದೆ. ತುಮಕೂರಿನ ಹೆದ್ದಾರಿಯಿಂದ ದೊಡ್ಡಬಳ್ಳಾಪುರದ ರಸ್ತೆ ಕವಲೊಡೆಯುವುದು ಇಲ್ಲಿಯೇ. ಪಕ್ಕದ ಸೋಂಪುರದಲ್ಲಿ ಕೈಗಾರಿಕೆಗಳು ತಲೆಯೆತ್ತಿದ ಮೇಲಂತೂ ಹಗಲಿರುಳೆನ್ನದೆ ಲಾರಿಗಳು ಬರುತ್ತವೆ, ನಿಲ್ಲುತ್ತವೆ, ಹೋಗುತ್ತವೆ. ಲಾರಿ ನಿಂತಲ್ಲಿ ಬಾಡಿಗೆಯ ಮಾತು ನಡೆದೇ ನಡೆಯುತ್ತದೆ. ಪೂರ್ತಿ ಲಾರಿ ಬೇಕೋ, ಅರ್ಧ ಲೋಡು ಸಾಕೋ? ಡ್ರೈವರನ ಬತ್ತೆ ಯಾರದು? ಮಾಲು ಮಳೆಗೆ ನೆನೆದರೆ ಯಾರ ತಲೆಗೆ? ಇಳಿಸುವುದು ಎರಡು ದಿನ ತಡವಾದರೆ ಕಾದದ್ದಕ್ಕೆ ಕೂಲಿ ಉಂಟೋ ಇಲ್ಲವೋ?

ಈ ಪ್ರಶ್ನೆಗಳು ಲಾರಿಯೊಂದಿಗೆ ಹುಟ್ಟಿದವಲ್ಲ. ಇವುಗಳಿಗೆ ಎರಡು ಸಾವಿರ ವರ್ಷಗಳಷ್ಟಾದರೂ ವಯಸ್ಸಾಗಿದೆ. ಇವು ಅತ್ಯಂತ ತೀವ್ರವಾಗಿ ಎದ್ದದ್ದು ಹಾಯಿಹಡಗಿನ ಮೇಲೆ. ಏಕೆಂದರೆ ನೆಲದ ಮೇಲೆ ಗಾಡಿ ಮುರಿದರೆ ಮಾಲಿನಲ್ಲಿ ಅಷ್ಟಿಷ್ಟಾದರೂ ಕೈಗೆ ಸಿಕ್ಕುತ್ತದೆ, ಕಡಲಿನಲ್ಲಿ ಹಡಗು ಮುರಿದರೆ ಏನೂ ಉಳಿಯದೆ ಹೋಗಬಹುದು. ನಾವು ಕರಾವಳಿಯ ಚರಿತ್ರೆಯನ್ನು ಬರೆಯುವಾಗ ಅರಸರ ನೌಕಾಪಡೆಗಳನ್ನೂ ಕಡಲ ಕಾಳಗಗಳನ್ನೂ ಕುರಿತು ವಿಸ್ತಾರವಾಗಿ ಬರೆಯುತ್ತೇವೆ. ಅಕ್ಕಿ, ಮೆಣಸು, ಹತ್ತಿ, ಕುದುರೆಗಳನ್ನು ಹೊತ್ತು ತಿರುಗಿದ ನೂರಾರು ನಡುಗಾತ್ರದ ಹಾಯಿಹಡಗುಗಳಲ್ಲಿ ಬಹಳಷ್ಟು ಯಾವ ಅರಸನವೂ ಆಗಿರಲಿಲ್ಲ. ಅವು ಒಬ್ಬನ ಸ್ವತ್ತು, ಇನ್ನೊಬ್ಬನ ಸರಕು, ಮತ್ತೊಬ್ಬನ ದುಡಿಮೆ. ಈ ಮೂವರನ್ನು ಒಂದು ಪಯಣದ ಮಟ್ಟಿಗೆ ಕಟ್ಟಿಹಾಕುತ್ತಿದ್ದ ಹಗ್ಗವೇ ಬಾಡಿಗೆ. ಆ ಹಗ್ಗದ ಚರಿತ್ರೆಯನ್ನು ಈ ಹೊತ್ತು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಮಾತಿನಿಂದಲೇ ತೊಡಗುವುದು ಮೇಲು. ಕಡಲಿನ ನಮ್ಮ ಪದಗಳು ಹಲವು ನಾಡುಗಳಿಂದ ಬಂದಿವೆ. ಬಂದರು, ಲಂಗರು, ನಾಖುದಾ ಎಂಬವು ಪಾರಸಿಯಿಂದ ಬಂದವು. ನಾಖುದಾ ಎಂದರೆ ನಾವೆಯ ಒಡೆಯ. ಖಲಾಸಿ ಎಂಬುದು ಅರಬ್ಬಿಯ ಕಡೆಯಿಂದ ಬಂದದ್ದು. ಇಂಗ್ಲಿಷರ ಮಾನ್ಸೂನ್ ಎಂಬ ಮಾತಿನ ಮೂಲವೂ ಋತು ಎಂಬರ್ಥದ ಅರಬ್ಬೀ ಶಬ್ದವೇ. ಆದರೆ ‘ಬಾಡಿಗೆ’ ಎಂಬುದು ಸಂಸ್ಕೃತದ ‘ಭಾಟಕ’ದ ತದ್ಭವ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ನೌಭಾಟಕ’ ಎಂಬ ಪದವೇ ಇದೆ, ದೋಣಿಯ ಬಾಡಿಗೆ ಎಂಬ ಅರ್ಥದಲ್ಲಿ. ಶಂಖವನ್ನೂ ಮುತ್ತನ್ನೂ ತೆಗೆಯುವವರು ಸರಕಾರದ ದೋಣಿಯನ್ನು ಬಳಸಿದರೆ ನೌಭಾಟಕವನ್ನು ಕೊಡಬೇಕು, ಇಲ್ಲವಾದರೆ ತಮ್ಮ ಸ್ವಂತ ದೋಣಿಯಲ್ಲಿ ಹೋಗಬಹುದು ಎಂದು ಅಲ್ಲಿ ವಿಧಿಸಿದೆ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥವನ್ನು 1909ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ಕೊಟ್ಟವರು ಮೈಸೂರಿನ ರುದ್ರಪಟ್ಟಣ ಶಾಮಾಶಾಸ್ತ್ರಿಗಳೆಂಬುದು ನಮಗೆ ಹೆಮ್ಮೆಯ ವಿಷಯ.

ಅರ್ಥಶಾಸ್ತ್ರದ ನಾವಧ್ಯಕ್ಷ ಪ್ರಕರಣವನ್ನು ಓದುವಾಗ ಮನಸ್ಸನ್ನು ಹಿಡಿದು ನಿಲ್ಲಿಸುವ ಸೂತ್ರ ಬೇರೊಂದಿದೆ. ಸಾಕಷ್ಟು ಆಳುಗಳಿಲ್ಲದೆಯೋ, ಉಪಕರಣಗಳಿಲ್ಲದೆಯೋ, ದುರಸ್ತಿ ಮಾಡದೆಯೋ ಬಿಟ್ಟ ನಾವೆ ಮುಳುಗಿದರೆ, ಹೋದದ್ದನ್ನೂ ಹಾಳಾದದ್ದನ್ನೂ ನಾವಧ್ಯಕ್ಷನೇ ತುಂಬಿಕೊಡಬೇಕು ಎಂಬುದು ಅದರ ತಾತ್ಪರ್ಯ. ನಾವಧ್ಯಕ್ಷನೆಂದರೆ ಅರಸನ ಅಧಿಕಾರಿ. ದೋಣಿಯನ್ನು ಕೊಟ್ಟವನೇ ಅದರ ಯೋಗ್ಯತೆಗೆ ಹೊಣೆ ಎಂಬ ತತ್ತ್ವ ಇಲ್ಲಿ ಸ್ಪಷ್ಟವಾಗಿದೆ. ದೊಡ್ಡ ನದಿಗಳ ಮಹಾನಾವೆಗಳಲ್ಲಿ ಶಾಸಕನಿರಬೇಕು, ನಿಯಾಮಕನಿರಬೇಕು, ಕುಡುಗೋಲು ಮತ್ತು ಹಗ್ಗ ಹಿಡಿಯುವವನಿರಬೇಕು, ಒಳಗೆ ಬಂದ ನೀರನ್ನು ಎತ್ತಿ ಚೆಲ್ಲುವವನೊಬ್ಬನಿರಬೇಕು ಎಂದು ಒಬ್ಬೊಬ್ಬ ಕೆಲಸಗಾರನನ್ನೂ ಹೆಸರಿಸಿ ಹೇಳಿರುವುದನ್ನು ಈ ಸೂತ್ರದೊಡನೆ ಸೇರಿಸಿ ಓದಬೇಕು. ನೀರು ಚೆಲ್ಲುವವನು ಇಲ್ಲದ ನಾವೆಯನ್ನು ಬಾಡಿಗೆಗೆ ಬಿಡುವುದು ಅಪರಾಧ. ಆ ಅಪರಾಧದ ಬೆಲೆಯನ್ನು ತೆರಬೇಕಾದವನು ಮೇಲಿನ ಅಧಿಕಾರಿ.

ಮನುಸ್ಮೃತಿಯ ಎಂಟನೆಯ ಅಧ್ಯಾಯವೂ ಇದೇ ವಿಷಯವನ್ನು ಮುಟ್ಟುತ್ತದೆ. ಆದರೆ ಅಲ್ಲಿಯ ದೃಷ್ಟಿ ಬೇರೆ. ನದಿಯ ಪಯಣಕ್ಕೆ ದೂರವನ್ನೂ ಕಾಲವನ್ನೂ ನೋಡಿ ಕೂಲಿಯನ್ನು ಗೊತ್ತುಮಾಡಬಹುದು, ಸಮುದ್ರಕ್ಕೆ ಮಾತ್ರ ಅಂಥ ನಿಯತವಾದ ಲೆಕ್ಕವಿಲ್ಲ ಎಂದು ಸ್ಮೃತಿಕಾರ ಒಪ್ಪಿಕೊಳ್ಳುತ್ತಾನೆ. ನಾವಿಕರ ತಪ್ಪಿನಿಂದ ಸರಕು ಹಾಳಾದರೆ ನಾವಿಕರೆಲ್ಲರೂ ಕೂಡಿ ತಮ್ಮ ತಮ್ಮ ಪಾಲಿನಿಂದ ತೆರಬೇಕು, ದೈವದಿಂದಾದ ಹಾನಿಗೆ ಯಾರಿಗೂ ದಂಡವಿಲ್ಲ ಎಂದು ತೀರ್ಮಾನಿಸುತ್ತಾನೆ. ಇಲ್ಲಿ ಒಡೆಯನ ಮಾತು ಹಿಂದಕ್ಕೆ ಸರಿದಿದೆ. ದುಡಿಯುವವನ ತಪ್ಪು ಮುಂದಕ್ಕೆ ಬಂದಿದೆ. ಹಡಗು ಮುಳುಗಿದಾಗ ತಪ್ಪು ಒಡೆಯನದೋ, ದುಡಿಯುವವನದೋ, ದೈವದ್ದೋ? ಮುಂದಿನ ಕಾಲದ ಬಾಡಿಗೆಯ ಜಗಳಗಳೆಲ್ಲ ಈ ಮೂರು ಬಾಗಿಲುಗಳ ನಡುವೆಯೇ ಓಡಾಡಿವೆ.

ಇನ್ನು ನಮ್ಮ ಕರಾವಳಿಗೆ ಬರೋಣ. ಅರಬ್ಬೀ ಕಡಲಿನಲ್ಲಿ ಬಾಡಿಗೆಯ ಮೊದಲ ಯಜಮಾನ ಗಾಳಿ. ಜೂನಿನಿಂದ ಸೆಪ್ಟೆಂಬರಿನವರೆಗೆ ನೈರುತ್ಯದ ಗಾಳಿ ಕರಾವಳಿಯನ್ನು ಅಪ್ಪಳಿಸುತ್ತದೆ. ನದಿಗಳ ಅಳಿವೆಗಳಲ್ಲಿ ಮರಳಿನ ದಿಬ್ಬಗಳ ಮೇಲೆ ತೆರೆಗಳು ಮುರಿಯುತ್ತವೆ. ಹಾಯಿಹಡಗುಗಳನ್ನು ದಡಕ್ಕೆಳೆದು ತೆಂಗಿನ ಮಡಲು ಹೊದಿಸುವ ಕಾಲ ಅದು. ಶ್ರಾವಣದ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಪೂಜಿಸಿದ ಮೇಲೆ ಹೊಸ ವರ್ಷದ ಸಂಚಾರಕ್ಕೆ ಸಿದ್ಧತೆ ತೊಡಗುತ್ತಿತ್ತು. ಚಳಿಗಾಲದ ಈಶಾನ್ಯದ ಗಾಳಿ ಹಡಗುಗಳನ್ನು ಅರೇಬಿಯಾ, ಆಫ್ರಿಕಾಗಳ ಕಡೆಗೆ ಒಯ್ಯುತ್ತಿತ್ತು. ಆದ್ದರಿಂದ ಬಾಡಿಗೆಯೆಂದರೆ ಮರದ ತೊಲೆಗಳಿಗೂ ಹಾಯಿಬಟ್ಟೆಗೂ ಕೊಡುವ ಹಣವಷ್ಟೇ ಆಗಿರಲಿಲ್ಲ. ಒಂದು ಋತುವಿನಲ್ಲಿ ಒಂದು ಪಾಲನ್ನು ಕೊಳ್ಳುವ ಹಣವಾಗಿತ್ತು. ಹೊರಡುವ ದಿನ ತಪ್ಪಿದವನಿಗೆ ಹಡಗು ಸಿಕ್ಕಿದರೂ ಗಾಳಿ ಸಿಕ್ಕುತ್ತಿರಲಿಲ್ಲ.

ಕನ್ನಡದ ವರ್ತಕರು ಈ ಕಡಲನ್ನು ಬಲ್ಲವರೇ. ಅಯ್ಯಾವೊಳೆಯ ಐನೂರ್ವರು ಜಲಮಾರ್ಗ ಸ್ಥಲಮಾರ್ಗಗಳೆರಡರಲ್ಲೂ ದೇಶದೇಶಗಳನ್ನು ಹೊಕ್ಕವರೆಂದು ಬಳ್ಳಿಗಾವೆಯ 1054ರ ಶಾಸನ ಕೊಂಡಾಡುತ್ತದೆ. ಹೊಯ್ಸಳರ ಕಾಲದ ಅರಸೀಕೆರೆಯ ಕಡೆಯ ಶಾಸನವೊಂದರಲ್ಲಿ ಕಡಲಮೇಲೆ ಹಡಗುಗಳಲ್ಲಿ ಕುದುರೆ, ಆನೆ, ಮುತ್ತುಗಳನ್ನು ತರಿಸಿ ಅರಸರಿಗೆ ಮಾರುತ್ತಿದ್ದ ಸೆಟ್ಟಿಯೊಬ್ಬನ ಪ್ರಸ್ತಾಪವಿದೆ. ಅರಸೀಕೆರೆಯೂ ನಮ್ಮಂತೆ ಬಯಲುಸೀಮೆಯೇ ಅಲ್ಲವೆ? ಒಳನಾಡಿನ ವರ್ತಕನ ಕಣ್ಣು ಕಡಲ ಮೇಲಿದ್ದುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಶಾಸನಗಳು ವರ್ತಕನ ಹಿರಿಮೆಯನ್ನು ಹೇಳುತ್ತವೆ. ಅವನ ಚಿಂತೆಯನ್ನು ಹೇಳುವುದಿಲ್ಲ. ಆ ಚಿಂತೆಯ ದನಿಯನ್ನು ಕೇಳಬೇಕಾದರೆ ಕೈರೋ ನಗರದ ಹಳೆಯ ಯೆಹೂದಿ ಮಂದಿರದ ಗೆನಿಜಾ ಎಂಬ ಕಾಗದದ ಕೋಣೆಗೆ ಹೋಗಬೇಕು. ಟ್ಯುನೀಶಿಯಾದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕ ಸುಮಾರು 1132ರಿಂದ 1149ರವರೆಗೆ ಮಂಗಳೂರಿನಲ್ಲಿ ನೆಲೆಸಿದ್ದ. ಏಡನ್ನಿನ ವರ್ತಕರು ಅವನಿಗೆ ಬರೆದ ಓಲೆಗಳು ಆ ಕೋಣೆಯಲ್ಲಿ ಉಳಿದುಬಂದಿವೆ. ಅವನ ಬಳಿ ಇದ್ದು, ಅವನ ಪರವಾಗಿ ಏಡನ್ನಿಗೂ ಹೋಗಿಬಂದ ಆಳಿನ ಹೆಸರು ‘ಬೊಮ್ಮ’ ಎಂದಿರಬೇಕೆಂದು ಅಮಿತಾವ್ ಘೋಷ್ ಅವರು 1992ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಈ ಹೆಸರನ್ನು ಗುರುತಿಸುವುದರಲ್ಲಿ ಅವರಿಗೆ ನೆರವಾದವರು ನಮ್ಮ ಬಿ. ಎ. ವಿವೇಕ ರೈಯವರು.

ಆ ಓಲೆಗಳಲ್ಲಿ ಮೆಣಸು, ಅಡಕೆ, ಏಲಕ್ಕಿ, ಕಬ್ಬಿಣಗಳ ಲೆಕ್ಕವಿದೆ. ಯಾವ ಸರಕು ಯಾರ ಹಡಗಿನಲ್ಲಿ ಬಂದಿತು, ಯಾವುದು ಬರಲಿಲ್ಲ ಎಂಬ ವಿವರವಿದೆ. ಆ ವರ್ತಕರ ಒಂದು ಪದ್ಧತಿ ಗಮನಿಸತಕ್ಕದ್ದು. ತಮ್ಮ ಸರಕನ್ನೆಲ್ಲ ಒಂದೇ ಹಡಗಿಗೆ ಏರಿಸದೆ ಎರಡು ಮೂರು ಹಡಗುಗಳಿಗೆ ಹಂಚುತ್ತಿದ್ದರು. ವಿಮೆಯ ಕಂಪೆನಿಗಳಿಲ್ಲದ ಕಾಲದಲ್ಲಿ ಅದೇ ವಿಮೆ. ಇದರ ಫಲವಾಗಿ ಒಂದೊಂದು ಹಡಗೂ ಹತ್ತಾರು ಜನರ ಸರಕಿನ ಸಂತೆಯಾಗುತ್ತಿತ್ತು. ಪೂರ್ತಿ ಹಡಗನ್ನು ಒಬ್ಬನೇ ಹಿಡಿಯುವುದಕ್ಕಿಂತ ಜಾಗವನ್ನು ಪಾಲಿನಲ್ಲಿ ಹಿಡಿಯುವುದು ಜಾಣತನವೆನ್ನಿಸಿತ್ತು.

ಬಾಡಿಗೆಯ ಲೆಕ್ಕದಲ್ಲಿ ಇನ್ನೊಂದು ಬಾಬು ಬಂದರಿನ ಹಕ್ಕು. ಹದಿನಾಲ್ಕನೆಯ ಶತಮಾನದ ನಡುವೆ ಈ ಕರಾವಳಿಯಲ್ಲಿ ಸಂಚರಿಸಿದ ಇಬ್ನ್ ಬತೂತ ಬಾರಕೂರಿನ ವಿಷಯವಾಗಿ ಹೀಗೆ ತಿಳಿಸುತ್ತಾನೆ: ಅಲ್ಲಿಯ ಅರಸನಿಗೆ ಸುಮಾರು 30 ಯುದ್ಧನೌಕೆಗಳಿದ್ದವು, ಆ ಮಾರ್ಗದಲ್ಲಿ ಹಾದುಹೋಗುವ ಪ್ರತಿಯೊಂದು ಹಡಗೂ ಅಲ್ಲಿ ಲಂಗರು ಹಾಕಿ, ಬಂದರಿನ ಹಕ್ಕು ಎಂಬ ಕಾಣಿಕೆಯನ್ನು ಸಲ್ಲಿಸಬೇಕಾಗಿತ್ತು. ಸಲ್ಲಿಸದೆ ಹೋದ ಹಡಗನ್ನು ಬೆನ್ನಟ್ಟಿ ತಂದು, ಎರಡರಷ್ಟು ವಸೂಲು ಮಾಡಿ, ಮನಬಂದಷ್ಟು ಕಾಲ ತಡೆದಿಡುತ್ತಿದ್ದರಂತೆ. ಹಣಕ್ಕಿಂತ ಈ ತಡೆಯೇ ದೊಡ್ಡ ದಂಡವೆಂಬುದನ್ನು ಗಾಳಿಯ ಲೆಕ್ಕ ಬಲ್ಲವರು ಕೂಡಲೇ ಅರಿಯುತ್ತಾರೆ.

ಹಡಗು ಹಿಡಿದು ಬಂದವನ ಅನುಭವವನ್ನು ತನ್ನ ಬಾಯಿಂದಲೇ ಹೇಳಿದವನು ಅಬ್ದುರ್ ರಜಾಕ್. ಹೆರಾತಿನ ಷಾರುಖನ ರಾಯಭಾರಿಯಾಗಿ ಅವನು 1442ರಲ್ಲಿ ಹೊರಟು ಹೊರ್ಮುಜ್ ಬಂದರಿಗೆ ಬಂದ. ಅಲ್ಲಿ ಅವನನ್ನು ನಾನಾ ನೆಪಗಳಿಂದ ತಡೆದು ನಿಲ್ಲಿಸಿದ್ದರಿಂದ ಒಳ್ಳೆಯ ಗಾಳಿಯ ಕಾಲ ಕಳೆದುಹೋಯಿತು. ಬಿರುಗಾಳಿಗೂ ಕಡಲುಗಳ್ಳರಿಗೂ ಅಂಜಬೇಕಾದ ಋತುವಿನ ಕೊನೆಯಲ್ಲಿ ಹೊರಡಬೇಕಾಯಿತು. ಜನರನ್ನೂ ಕುದುರೆಗಳನ್ನೂ ಒಂದೇ ಹಡಗು ಹಿಡಿಸಲಾರದೆ ಬೇರೆ ಬೇರೆ ಹಡಗುಗಳಿಗೆ ಹಂಚಿದರು. ಹಡಗಿನ ವಾಸನೆ ಮೂಗಿಗೆ ಬಡಿದ ಕೂಡಲೇ ತನಗೆ ಪ್ರಜ್ಞೆ ತಪ್ಪಿತೆಂದೂ, ಮೂರು ದಿನ ಉಸಿರಾಟದಿಂದಷ್ಟೇ ತಾನು ಬದುಕಿರುವುದು ತಿಳಿಯುತ್ತಿತ್ತೆಂದೂ ಅವನು ನಾಚಿಕೆಯಿಲ್ಲದೆ ಬರೆದಿದ್ದಾನೆ. ಕಲ್ಲಿಕೋಟೆಯಿಂದ ಕಡಲಮೇಲೆ ಮಂಗಳೂರಿಗೆ ಬಂದು, ಘಟ್ಟ ಹತ್ತಿ, 1443ರಲ್ಲಿ ವಿಜಯನಗರವನ್ನು ಸೇರಿದ. ಮರಳುವಾಗ ಬಾರಕೂರು, ಹೊನ್ನಾವರಗಳ ದಾರಿಯನ್ನು ಹಿಡಿದು, ಹೊನ್ನಾವರದಲ್ಲಿ ಹಡಗನ್ನು ಗೊತ್ತುಮಾಡಿಕೊಂಡು, 1444ರ ಆರಂಭದಲ್ಲಿ ಕಡಲಿಗಿಳಿದ. ನಡುಗಡಲಿನಲ್ಲಿ ಮತ್ತೆ ಬಿರುಗಾಳಿಗೆ ಸಿಕ್ಕಿ ನಲುಗಿಯೇ ಅವನು ಹೊರ್ಮುಜನ್ನು ಮುಟ್ಟಿದ್ದು. ದೊರೆಯ ಮುದ್ರೆಯಿದ್ದ ರಾಯಭಾರಿಗೇ ಈ ಗತಿಯಾದರೆ, ಮುದ್ರೆಯಿಲ್ಲದ ಸಾಮಾನ್ಯ ವರ್ತಕನ ಪಾಡೇನೆಂದು ಊಹಿಸಬಹುದು.

ವಿಜಯನಗರದ ಅರಸರಿಗೆ ಈ ಹಡಗುಗಳಿಂದ ಬೇಕಾದದ್ದು ಮುಖ್ಯವಾಗಿ ಕುದುರೆ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಸುಮಾರು 1535ರಲ್ಲಿ ಬರೆದಿಟ್ಟ ವೃತ್ತಾಂತದಲ್ಲಿ ಸಾಳುವ ನರಸಿಂಹನ ವಿಷಯವಾದ ಒಂದು ಮಾತಿದೆ. ಆ ಅರಸ ಹೊರ್ಮುಜ್ ಮತ್ತು ಏಡನ್ನಿನ ಕುದುರೆಗಳನ್ನು ಸತ್ತಿರಲಿ ಬದುಕಿರಲಿ ಕೊಳ್ಳುತ್ತಿದ್ದ. ಸಾವಿರ ಪರ್ದಾವಿಗೆ ಮೂರು ಕುದುರೆಗಳೆಂಬುದು ದರ. ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಗೆ ಸಲ್ಲುವಷ್ಟೇ ಹಣ ಸಲ್ಲುತ್ತಿತ್ತು.

ಈ ಸಂಗತಿಯನ್ನು ನಾವು ಸಾಮಾನ್ಯವಾಗಿ ಅರಸನ ಔದಾರ್ಯವೆಂದೋ ಅತಿರೇಕವೆಂದೋ ಹೇಳಿ ಮುಂದೆ ಸಾಗುತ್ತೇವೆ. ಬಾಡಿಗೆಯ ದೃಷ್ಟಿಯಿಂದ ನೋಡಿದರೆ ಇದು ಲೆಕ್ಕ ಹಾಕಿ ಮಾಡಿದ ಒಪ್ಪಂದ. ತಿಂಗಳುಗಟ್ಟಲೆ ಅಲುಗಾಡುವ ಹಡಗಿನಲ್ಲಿ, ಅಳತೆಯ ಹುಲ್ಲು ಅಳತೆಯ ನೀರಿನಲ್ಲಿ, ಕುದುರೆ ಸಾಯುವುದು ಖಂಡಿತ. ಆ ಸಾವಿನ ಭಯದಿಂದ ವರ್ತಕ ಬೇರೆ ಬಂದರಿಗೆ ತಿರುಗಿದರೆ ಸೈನ್ಯಕ್ಕೆ ಕುದುರೆಯಿಲ್ಲ. ಆದ್ದರಿಂದ ಕಡಲಿನ ನಷ್ಟವನ್ನು ಅರಸ ತನ್ನ ಮೇಲೆ ಎಳೆದುಕೊಂಡ. ಅರಸ ಎಳೆದುಕೊಂಡದ್ದನ್ನು ಕೊನೆಗೆ ಹೊತ್ತವರು ಯಾರು? ಬೊಕ್ಕಸವನ್ನು ತುಂಬುವವರು, ಎಂದರೆ ಒಳನಾಡಿನ ಒಕ್ಕಲುಮಕ್ಕಳು. ಹೊರ್ಮುಜಿನ ಕಡಲಲ್ಲಿ ಸತ್ತ ಕುದುರೆಯ ಬೆಲೆಯಲ್ಲಿ ನಮ್ಮ ಸೀಮೆಯ ರಾಗಿಯ ಕಣದ ಪಾಲೂ ಇತ್ತೆಂದರೆ ತಪ್ಪಾಗದು. ಇನ್ನೂ ಒಂದು ಮಾತು. ಕುದುರೆಯ ಬಾಲಕ್ಕೆ ಬೆಲೆಯಿತ್ತು. ಅದೇ ಹಡಗಿನಲ್ಲಿ ಸತ್ತ ನಾವಿಕನ ಮನೆಯವರಿಗೆ ಏನು ಸಲ್ಲುತ್ತಿತ್ತೆಂಬುದನ್ನು ನೂನಿಜ್ ಅಲ್ಲಿ ಹೇಳುವುದಿಲ್ಲ. ಬರೆಯಬೇಕೆಂದು ಅವನಿಗೆ ತೋರಿರಲಾರದು.

ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದು ಬೇರೂರಿದ ಮೇಲೆ ಬಾಡಿಗೆಯ ಲೆಕ್ಕಕ್ಕೆ ಹೊಸದೊಂದು ಭಾರ ಬಿದ್ದಿತು. ಕಾರ್ತಾಜ್ ಎಂಬ ರಹದಾರಿ ಪತ್ರವಿಲ್ಲದ ಹಡಗನ್ನು ಅವರು ಹಿಡಿಯುತ್ತಿದ್ದರು. ಸರಕನ್ನು ಮುಟ್ಟುಗೋಲು ಹಾಕಿಕೊಳ್ಳುತ್ತಿದ್ದರು. ಯಾವ ಬಂದರಿಗೆ ಹೋಗಬೇಕು, ಏನನ್ನು ತುಂಬಬಾರದು ಎಂಬುದನ್ನೆಲ್ಲ ಆ ಪತ್ರವೇ ಗೊತ್ತುಮಾಡುತ್ತಿತ್ತು. ಹಡಗು ಒಬ್ಬನದು, ಸರಕು ಹಲವರದು; ಪತ್ರದಲ್ಲಿ ಒಂದು ದೋಷವಿದ್ದರೆ ಎಲ್ಲರೂ ಒಟ್ಟಿಗೆ ಮುಳುಗಬೇಕು. ಬಿರುಗಾಳಿಯನ್ನು ದೈವವೆಂದು ಕರೆಯಬಹುದು. ಕಾರ್ತಾಜನ್ನು ಏನೆಂದು ಕರೆಯುವುದು? ಮನುಸ್ಮೃತಿಯ ಮೂರು ಬಾಗಿಲುಗಳಲ್ಲಿ ಯಾವುದಕ್ಕೂ ಸೇರದ ನಾಲ್ಕನೆಯ ಹಾನಿ ಇದು. ಹೀಗಿದ್ದರೂ ಬಸರೂರು, ಮಂಗಳೂರು, ಭಟ್ಕಳ, ಹೊನ್ನಾವರಗಳ ಅಕ್ಕಿ ಮೆಣಸುಗಳ ವ್ಯಾಪಾರ ನಿಲ್ಲಲಿಲ್ಲ. ಗೋವೆಯ ಕೋಟೆಯೇ ಕನ್ನಡ ಜಿಲ್ಲೆಯ ಅಕ್ಕಿಯನ್ನು ಉಂಡು ಬದುಕುತ್ತಿತ್ತು. ಹಿಡಿಯುವವನಿಗೂ ಹಡಗು ಬೇಕಾಗಿದ್ದುದರಿಂದಲೇ ಹಡಗು ಉಳಿಯಿತು.

ಬಾಡಿಗೆಯ ಹಂಗೇ ಬೇಡವೆಂದು ಹೊರಟವನು ಟಿಪ್ಪು ಸುಲ್ತಾನ. ಮಸ್ಕತ್ತಿನಲ್ಲಿ ಅವನು ಸರಕಾರಿ ಕೋಠಿಯನ್ನು ತೆರೆದ. ಮೆಣಸು, ಗಂಧ, ಏಲಕ್ಕಿ, ಅಕ್ಕಿಗಳನ್ನು ಅಲ್ಲಿಗೆ ಕಳುಹಿಸಿದ. ಇಸ್ತಾಂಬೂಲಿನ ಸುಲ್ತಾನನ ಬಳಿಗೆ ಅವನ ರಾಯಭಾರ 1786ರಲ್ಲಿ ತದಡಿ ಬಂದರಿನಿಂದ ನಾಲ್ಕು ಹಡಗುಗಳಲ್ಲಿ ಹೊರಟಿತು. ಬಸ್ರಾ ಬಂದರನ್ನು ಇಜಾರೆಗೆ, ಎಂದರೆ ಗುತ್ತಿಗೆಗೆ, ಕೇಳಿಕೊಳ್ಳಬೇಕೆಂಬುದೂ ಆ ರಾಯಭಾರದ ಕೆಲಸಗಳಲ್ಲೊಂದು. ಹಡಗನ್ನು ಬಾಡಿಗೆಗೆ ಹಿಡಿಯುವುದಿರಲಿ, ಬಂದರನ್ನೇ ಬಾಡಿಗೆಗೆ ಹಿಡಿಯುವ ಯೋಚನೆ! ಅದು ಕೈಗೂಡಲಿಲ್ಲ. ಒಂದು ಹಡಗು ಬೆಂಕಿಗೆ ತುತ್ತಾಯಿತು. ಹೊರಟ ನೂರಾರು ಜನರಲ್ಲಿ ಬಹುಪಾಲು ಜನ ರೋಗರುಜಿನಗಳಿಗೆ ಸಿಕ್ಕಿ ಹಿಂದಿರುಗಲೇ ಇಲ್ಲ. ಮತ್ತೆ 1796ರಲ್ಲಿ ಅವನು 40 ಯುದ್ಧನೌಕೆಗಳನ್ನು ಕಟ್ಟಲು ಆಜ್ಞೆ ಮಾಡಿ, ಮಂಗಳೂರು, ಮಿರ್ಜಾನ್, ಸದಾಶಿವಗಡಗಳ ಬಳಿ ಕಟ್ಟೆಗಳನ್ನು ಗೊತ್ತುಮಾಡಿದ. ಮೂರೇ ವರ್ಷಗಳಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಅರಸನ ಹಡಗುಗಳ ಕನಸು ಅಲ್ಲಿಗೆ ಮುಗಿಯಿತು. ಬಾಡಿಗೆಯ ಹಡಗುಗಳು ಮುಂದಿನ ಋತುವಿನಲ್ಲಿ ಎಂದಿನಂತೆ ಹಾಯಿಯೇರಿಸಿದವು.

ಹತ್ತೊಂಬತ್ತನೆಯ ಶತಮಾನ ಈ ಹಡಗುಗಳ ಕೊನೆಯ ವೈಭವದ ಕಾಲ. ಮಂಜಿ, ಮಚ್ಚುವೆ, ಪತ್ತೇಮಾರಿ ಎಂಬಿವು ಅವುಗಳ ಹೆಸರುಗಳು. ಪತ್ತೇಮಾರಿ ಇವುಗಳಲ್ಲಿ ವೇಗದ್ದು; ಎರಡು ಅಥವಾ ಮೂರು ಕೂವೆಮರಗಳು, ಓರೆಯಾಗಿ ಕಟ್ಟಿದ ಮುಮ್ಮೂಲೆಯ ಹಾಯಿಗಳು. ಈ ಹಾಯಿಯನ್ನು ಗಾಳಿಯ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ತಿರುಗಿಸಬೇಕಾದರೆ ಉದ್ದನೆಯ ಅಡ್ಡಮರವನ್ನೇ ಕೂವೆಮರದ ಈಚೆಯಿಂದ ಆಚೆಗೆ ಸಾಗಿಸಬೇಕು. ಬಿರುಗಾಳಿಯಲ್ಲಿ ಆ ಕೆಲಸ ಮಾಡುವುದೆಂದರೆ ಪ್ರಾಣವನ್ನು ಪಣವಿಟ್ಟಂತೆ. ಎಷ್ಟು ಆಳುಗಳು, ಎಂಥ ತಂಡೇಲ ಎಂಬುದರ ಮೇಲೆ ಹಡಗಿನ ಯೋಗ್ಯತೆ ನಿಂತಿತ್ತು. ಕೌಟಿಲ್ಯನ ಸೂತ್ರದ ಅರ್ಥ ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಅಮೆರಿಕದಲ್ಲಿ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬಾರದಾಯಿತು. ಧಾರವಾಡ ಸೀಮೆಯ ಹತ್ತಿಗೆ ಚಿನ್ನದ ಬೆಲೆ ಬಂದಿತು. ಹುಬ್ಬಳ್ಳಿ ಧಾರವಾಡಗಳ ಕಡೆಯಿಂದ ಎತ್ತಿನ ಗಾಡಿಗಳು ಶಿರಸಿಯ ಮೇಲೆ ಘಟ್ಟವಿಳಿದು ಕುಮಟೆಗೆ ಬಂದವು. ಕುಮಟೆಯಿಂದ ಪತ್ತೇಮಾರಿಗಳು ಮುಂಬಯಿಗೆ ಹೋದವು. ಕುಮಟೆಯಲ್ಲಿ ಬೆಳೆಯದ ಹತ್ತಿ ಲೋಕದ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿಯ ಈ ದಾರಿಯ ಲೆಕ್ಕವಿತ್ತು.

ಇಲ್ಲಿ ಒಂದು ಪಯಣಕ್ಕೆ ಎರಡು ಬಾಡಿಗೆ: ಗಾಡಿಯದೊಂದು, ಹಡಗಿನದೊಂದು. ಗಾಡಿ ತಡವಾದರೆ ಹಡಗು ಕಾಯಬೇಕು. ಹಡಗು ಕಾದರೆ ಮೇ ತಿಂಗಳು ಕಳೆಯುತ್ತದೆ. ಮೇ ಕಳೆದರೆ ನಾಲ್ಕು ತಿಂಗಳು ಹತ್ತಿ ಮಳೆನಾಡಿನಲ್ಲಿ ಕೊಳೆಯಬೇಕು. ಆದ್ದರಿಂದ ಋತುವಿನ ಆರಂಭದ ಬಾಡಿಗೆಯೇ ಬೇರೆ, ಕೊನೆಯ ಬಾಡಿಗೆಯೇ ಬೇರೆ. ಸಮುದ್ರಕ್ಕೆ ನಿಯತವಾದ ಲೆಕ್ಕವಿಲ್ಲವೆಂದ ಸ್ಮೃತಿಕಾರನ ಮಾತು ಕುಮಟೆಯ ಧಕ್ಕೆಯಲ್ಲಿಯೂ ನಿಜವಾಗಿತ್ತು.

ದಕ್ಷಿಣದಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರಖಾನೆಯನ್ನು ತೆರೆಯಿತು. ಹೆಂಚು ಭಾರದ ಸರಕು, ಒಡೆಯುವ ಸರಕು. ಗಾಡಿಯ ಕುಲುಕಾಟಕ್ಕಿಂತ ಹಡಗಿನ ಹೊಟ್ಟೆ ಅದಕ್ಕೆ ಹಿತ. ಮಂಜಿಗಳಲ್ಲಿ ತುಂಬಿದ ಮಂಗಳೂರು ಹೆಂಚು ಪಡುಗರಾವಳಿಯ ಉದ್ದಕ್ಕೂ ಮನೆಗಳನ್ನು ಹೊದಿಸಿತು. ಲಕ್ಷದ್ವೀಪದ ಅಮಿನಿ ದ್ವೀಪಗಳು 1956ರವರೆಗೆ ಮಂಗಳೂರಿನ ಆಡಳಿತಕ್ಕೇ ಸೇರಿದ್ದವು. ಅಲ್ಲಿಯವರು ತೆಂಗಿನ ನಾರನ್ನು ಹಡಗಿನಲ್ಲಿ ತಂದು ಅಕ್ಕಿಯನ್ನು ಒಯ್ಯುತ್ತಿದ್ದರು. ವರ್ಷದಲ್ಲಿ ನಾಲ್ಕು ತಿಂಗಳು ಕಡಲು ಮುಚ್ಚುತ್ತಿದ್ದ ಆ ದ್ವೀಪಗಳಿಗೆ ಕೊನೆಯ ಹಡಗು ತಪ್ಪಿತೆಂದರೆ ಅದು ಲಾಭನಷ್ಟದ ಮಾತಲ್ಲ, ಒಲೆಯ ಮಾತು.

ಉಗಿಹಡಗು ಬಂದದ್ದರಿಂದಲೇ ಹಾಯಿಹಡಗು ಸೋತಿತೆಂದು ಹೇಳುವುದುಂಟು. ಅದು ಅರ್ಧ ಸತ್ಯ. ಸಣ್ಣ ಅಳಿವೆಗಳೊಳಕ್ಕೆ ಉಗಿಹಡಗು ಬರಲಾರದ್ದರಿಂದ ಮಚ್ಚುವೆಗೆ ಅಲ್ಲಿ ಕೆಲಸ ಉಳಿದಿತ್ತು. ದೊಡ್ಡ ಪೆಟ್ಟು ನೆಲದ ಕಡೆಯಿಂದ ಬಿದ್ದಿತು. ಕ್ಯಾಸಲ್‌ರಾಕಿನ ಮೂಲಕ ಮರ್ಮಗೋವೆಯ ರೈಲು 1888ರಲ್ಲಿ ತೆರೆದಾಗ ಧಾರವಾಡದ ಹತ್ತಿ ಕುಮಟೆಯನ್ನು ಮರೆಯಿತು. ಮಂಗಳೂರಿಗೆ 1907ರಲ್ಲಿ ರೈಲು ಬಂದಿತು. ಲಾರಿಗಳು ಘಟ್ಟವನ್ನು ಹತ್ತಿ ಇಳಿಯತೊಡಗಿದವು. ಪಣಂಬೂರಿನ ಹೊಸ ಬಂದರು 1975ರ ಜನವರಿಯಲ್ಲಿ ಉದ್ಘಾಟನೆಯಾದ ಮೇಲೆ ದೊಡ್ಡ ಸರಕೆಲ್ಲ ಅತ್ತ ಸರಿಯಿತು. ಹಳೆಯ ಬಂದರಿನ ಮಂಜಿಗಳು ಹಾಯಿಯನ್ನು ಕಳಚಿ ಎಂಜಿನನ್ನು ಕೂರಿಸಿಕೊಂಡವು.

ಹಾಯಿಹಡಗನ್ನು ಬಾಡಿಗೆಗೆ ಹಿಡಿಯುವ ಪದ್ಧತಿ ಮಾತ್ರ ಲೋಕದಿಂದ ಮರೆಯಾಗಿಲ್ಲ. ಗ್ರೀಸಿನ ದ್ವೀಪಗಳ ನಡುವೆ, ಕೆರೀಬಿಯನ್ ಕಡಲಿನಲ್ಲಿ, ನಲವತ್ತು ಅಡಿಯ ಆಸುಪಾಸಿನ ಹಾಯಿದೋಣಿಯನ್ನು ವಾರದ ಲೆಕ್ಕದಲ್ಲಿ ಹಿಡಿದು ವಿಹರಿಸುವವರು ಇಂದು ಬಹಳ ಮಂದಿ. ಅಲ್ಲಿ ಎರಡು ಬಗೆ: ನಾವಿಕನೊಡನೆ ಹಿಡಿಯುವುದೊಂದು, ಬರಿಯ ದೋಣಿಯನ್ನು ಹಿಡಿದು ತಾನೇ ನಡೆಸುವುದು ಇನ್ನೊಂದು. ಬರಿಯ ದೋಣಿಯನ್ನು ಹಿಡಿದವನು ಆ ವಾರದ ಮಟ್ಟಿಗೆ ಒಡೆಯನಂತೆಯೇ. ಅದನ್ನು ನಡೆಸುವ ಹೊಣೆಯೆಲ್ಲ ಅವನದು. ದೋಣಿ ಕೊಡುವವನು ಮುಂಗಡ ಠೇವಣಿಯನ್ನು ಇರಿಸಿಕೊಂಡು, ಹಾಯಿ, ಹಗ್ಗ, ಲಂಗರು, ನೀರೆತ್ತುವ ಪಂಪುಗಳನ್ನು ಒಂದೊಂದಾಗಿ ತೋರಿಸಿ ಪಟ್ಟಿಗೆ ರುಜು ಹಾಕಿಸಿಕೊಳ್ಳುತ್ತಾನೆ. ನೀರು ಚೆಲ್ಲುವವನ ಜಾಗದಲ್ಲಿ ಪಂಪು ಬಂದಿದೆ, ಪ್ರಶ್ನೆ ಹಳೆಯದೇ.

ಇಂಥ ಕರಾರಿಗೆ ಇಂಗ್ಲಿಷಿನಲ್ಲಿ ಚಾರ್ಟರ್ ಪಾರ್ಟಿ ಎಂದು ಹೆಸರು. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥ ಸೀಳಿದ ಪತ್ರ. ಒಂದೇ ಹಾಳೆಯಲ್ಲಿ ಕರಾರನ್ನು ಎರಡು ಸಲ ಬರೆದು, ನಡುವೆ ಸೀಳಿ, ಒಡೆಯನಿಗೊಂದು ಬಾಡಿಗೆಗಾರನಿಗೊಂದು ಕೊಡುತ್ತಿದ್ದರು. ಎರಡು ಸೀಳುಗಳು ಒಂದಕ್ಕೊಂದು ಕೂಡಿದರೆ ಪತ್ರ ಸಾಚಾ. ಎಷ್ಟು ಸುಂದರವಾದ ಏರ್ಪಾಡು! ಆದರೆ ಆ ಹಾಳೆಯನ್ನು ಎರಡಾಗಿ ಸೀಳಿದರೇ ಹೊರತು ಮೂರಾಗಿ ಸೀಳಲಿಲ್ಲ. ದುಡಿಯುವವನ ಕೈಗೆ ಯಾವ ತುಂಡೂ ಬರಲಿಲ್ಲ.

ಈ ಮಾತಿನಲ್ಲಿ ನಮ್ಮ ಕಾಲಕ್ಕೂ ಸಂಬಂಧವಿದೆ. ಭಾರತದಲ್ಲಿ 1925ರಲ್ಲಿ ಬಂದ ಕಡಲ ಸರಕು ಸಾಗಣೆಯ ಕಾಯಿದೆ, ಹಡಗು ಎಲ್ಲ ರೀತಿಯಲ್ಲೂ ಯೋಗ್ಯವಾಗಿರಲೇಬೇಕೆಂಬ ಪರಿಪೂರ್ಣ ಭರವಸೆಯನ್ನು ಒಡೆಯನ ಮೇಲಿನಿಂದ ಇಳಿಸಿ, ತಕ್ಕ ಎಚ್ಚರಿಕೆ ವಹಿಸಿದ್ದರೆ ಸಾಕೆಂದಿತು. ಆ ಕಾಯಿದೆಯ ಜಾಗಕ್ಕೆ 2025ರಲ್ಲಿ ಹೊಸದು ಬಂದಿದೆ. ವ್ಯಾಪಾರ ನಡೆಯಬೇಕಾದರೆ ಇಂಥ ಸಡಿಲಿಕೆ ಬೇಕೆಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲ ಕಾಲದಲ್ಲಿಯೂ ಹೊಣೆಯೆಂಬುದು ನೀರಿನಂತೆ ತಗ್ಗಿನ ಕಡೆಗೆ ಹರಿಯುತ್ತದೆ. ಅದನ್ನು ಮೇಲೆ ಹಿಡಿದು ನಿಲ್ಲಿಸಬೇಕಾದರೆ ಯಾರಾದರೂ ಕಟ್ಟೆ ಕಟ್ಟಬೇಕು. ಕೌಟಿಲ್ಯನ ಸೂತ್ರ ಅಂಥದೊಂದು ಕಟ್ಟೆ. ಸಾಳುವ ನರಸಿಂಹನ ಒಪ್ಪಂದ ವರ್ತಕನಿಗೆ ಮಾತ್ರ ಕಟ್ಟೆಯಾಯಿತು. ಒಕ್ಕಲಿಗನಿಗೂ ನಾವಿಕನಿಗೂ ಆಗಲಿಲ್ಲ.

ಒಂದು ಸಮಾಜವನ್ನು ಅಳೆಯುವುದಕ್ಕೆ ಅದು ಲಾಭವನ್ನು ಹೇಗೆ ಹಂಚಿಕೊಂಡಿತೆಂದು ನೋಡುವುದು ವಾಡಿಕೆ. ನಷ್ಟವನ್ನು ಹೇಗೆ ಹಂಚಿಕೊಂಡಿತೆಂದು ನೋಡುವುದು ಇನ್ನೂ ಸರಿಯಾದ ಅಳತೆಯೆಂದು ನನಗೆ ತೋರುತ್ತದೆ. ಈ ಹಂಚಿಕೆಯ ದಾಖಲೆ ನಮ್ಮ ತಾಮ್ರಶಾಸನಗಳಲ್ಲಿ ಹೆಚ್ಚಾಗಿ ಸಿಕ್ಕುವುದಿಲ್ಲ. ಅದು ಇದ್ದರೆ ಕರಾವಳಿಯ ಹಳೆಯ ಮನೆಗಳ ಅಟ್ಟದ ಮೇಲಿನ ಲೆಕ್ಕದ ಪುಸ್ತಕಗಳಲ್ಲಿ, ಹಾಯಿಹಡಗಿನಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳ ನೆನಪಿನಲ್ಲಿ, ಹಗ್ಗಕ್ಕೂ ಗಂಟಿಗೂ ಗಾಳಿಗೂ ಅವರು ಬಳಸುತ್ತಿದ್ದ ಮಾತುಗಳಲ್ಲಿ ಇರಬೇಕು. ಗೆದ್ದಲು ಪುಸ್ತಕವನ್ನು ಮುಗಿಸುವ ಮುನ್ನ, ಮರೆವು ಮಾತನ್ನು ಮುಗಿಸುವ ಮುನ್ನ, ನಮ್ಮ ವಿಶ್ವವಿದ್ಯಾಲಯಗಳ ತರುಣ ಸಂಶೋಧಕರು ಅತ್ತ ಕಡೆ ಹೆಜ್ಜೆ ಹಾಕಬೇಕು. ನಾಖುದನ ಹೆಸರು ಸಿಕ್ಕಿದರೆ ಸಂತೋಷ. ಖಲಾಸಿಯ ಹೆಸರು ಸಿಕ್ಕಿದರೆ ಇನ್ನೂ ಸಂತೋಷ.

ಹೆದ್ದಾರಿಯಲ್ಲಿ ಸರಕು ತುಂಬಿ ನಿಂತ ಲಾರಿಯನ್ನು ಕಂಡಾಗ ಅದರ ಒಡೆಯ ಯಾರು, ಸರಕು ಯಾರದು ಎಂಬುದನ್ನು ರಸೀದಿ ಹೇಳುತ್ತದೆ. ಇಡೀ ರಾತ್ರಿ ಎಚ್ಚರವಿದ್ದು ಅದನ್ನು ಮುಟ್ಟಿಸುವವನ ಪಾಲು ಆ ಕಾಗದದಲ್ಲಿ ಎಲ್ಲಿದೆಯೆಂದು ಕೇಳುವ ಅಭ್ಯಾಸ ನಮಗೆ ಬಂದರೆ, ಬೊಮ್ಮನ ಕಾಲದಿಂದ ಬಾಕಿ ಉಳಿದಿರುವ ಲೆಕ್ಕ ಸ್ವಲ್ಪವಾದರೂ ಸಂದಾಯವಾದೀತು.